ಬಚ್ಚಲ ಒಲೆಯ ಹೊಗೆ ವಾಪಸ್ ಬಂದರೆ: ಹೊಗೆಕೊಳವೆಯ ದೋಷ ಹುಡುಕುವ ಬಗೆ

ಮಂಗಳೂರು, ಉಡುಪಿ ಕಡೆ ಚಳಿ ಕಾಯಿಸಲು ಮನೆಯೊಳಗೆ ಬೆಂಕಿ ಹಾಕುವ ರೂಢಿ ಇಲ್ಲ. ನಮ್ಮಲ್ಲಿ ಹೊಗೆಕೊಳವೆ ಇರುವುದು ಬಚ್ಚಲಿಗೆ. ಹಂಡೆ ಕೂರಿಸಿದ ಒಲೆ, ಇಲ್ಲವೇ ನಡುವೆ ಕೊಳವೆ ಹಾದುಹೋಗುವ ತಾಮ್ರದ ಬಾಯ್ಲರ್. ಎರಡರ ಮೇಲೂ ಬರುವ ದೂರು ಒಂದೇ: ಹೊಗೆ ಮೇಲೆ ಹೋಗುವ ಬದಲು ಒಲೆಬಾಯಿಂದ ಹೊರಗೆ ಬರುತ್ತದೆ. ಮೇಸ್ತ್ರಿಯನ್ನು ಕರೆಸಿದರೆ ಮೊದಲ ಮಾತು "ಒಲೆ ಒಡೆದು ಹೊಸತು ಕಟ್ಟುವ" ಎಂಬುದೇ. ಒಪ್ಪಿಕೊಳ್ಳಬೇಡಿ. ಹೆಚ್ಚಿನ ಸಲ ಒಲೆಯ ತಪ್ಪೇನೂ ಇರುವುದಿಲ್ಲ. ಕೊಳವೆ ಗಿಡ್ಡವಾಗಿರುತ್ತದೆ, ಕಟ್ಟಿಕೊಂಡಿರುತ್ತದೆ, ಅಥವಾ ಬಚ್ಚಲಿಗೆ ಹೊರಗಿನ ಗಾಳಿ ಬರಲು ದಾರಿಯೇ ಇರುವುದಿಲ್ಲ. ಹೊಸ ಒಲೆ ಕಟ್ಟಿಸಿ ಹಳೇ ಕೊಳವೆಗೆ ಜೋಡಿಸಿದರೆ ಹೊಗೆ ಮತ್ತೆ ಬರುತ್ತದೆ.

ಕೊಳವೆ ಹೊಗೆಯನ್ನು ಸೆಳೆಯುವುದು ಎರಡೇ ಬಲದಿಂದ: ಒಳಗಿನ ಬಿಸಿ ಮತ್ತು ಕೊಳವೆಯ ಎತ್ತರ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದು, 4 ಮೀಟರ್ ಕೊಳವೆಯ ಒಳಗಿನ ಹೊಗೆ 150 ಡಿಗ್ರಿ ಇದ್ದರೆ ಸಿಗುವ ಸೆಳೆತ ಸುಮಾರು 13 ಪಾಸ್ಕಲ್. ಅಂದರೆ ಒಂದು ಮಿಲಿಮೀಟರ್ ನೀರಿನ ಒತ್ತಡಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊಗೆ 60 ಡಿಗ್ರಿಗೆ ಇಳಿದರೆ ಸೆಳೆತ 4 ಪಾಸ್ಕಲ್‌ಗೆ ಬಂದು ನಿಲ್ಲುತ್ತದೆ. ಇಷ್ಟು ಕಡಿಮೆ ಬಲದ ಸೆಳೆತವನ್ನು ಕಿಟಕಿಗೆ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ಸಲೀಸಾಗಿ ಸೋಲಿಸುತ್ತದೆ. ಚಳಿದೇಶದವರ ಕೊಳವೆಗೆ ಹೊರಗಿನ ತಂಪು ಗಾಳಿಯ ಸಹಾಯ ಇರುತ್ತದೆ. ನಮ್ಮ ಸೆಕೆಯಲ್ಲಿ ಅದೂ ಇಲ್ಲ, ಹಾಗಾಗಿ ಸಣ್ಣ ತಪ್ಪೂ ಇಲ್ಲಿ ದೊಡ್ಡದಾಗಿ ಕಾಣುತ್ತದೆ.

ಮೊದಲು ಊದುಬತ್ತಿ, ಆಮೇಲೆ ಪಿಕಾಸಿ

ಒಲೆ ಪೂರ್ತಿ ತಣ್ಣಗಿರುವಾಗ ಒಂದು ಊದುಬತ್ತಿ ಹಚ್ಚಿ ಒಲೆಬಾಯಿಯ ಮೇಲಂಚಿಗೆ ಹಿಡಿಯಿರಿ. ಬಚ್ಚಲ ಬಾಗಿಲು, ಕಿಟಕಿ ಎಲ್ಲ ಹಾಕಿರಲಿ, ಫ್ಯಾನ್ ಓಡುತ್ತಿರಲಿ. ಹೊಗೆಯ ಎಳೆ ಯಾವ ಕಡೆ ವಾಲುತ್ತದೆ ನೋಡಿ. ನಂತರ ಫ್ಯಾನ್ ಆರಿಸಿ, ಹೊರಬಾಗಿಲು ತೆರೆದು ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಮೊದಲ ಸಲ ನಿಮ್ಮ ಮುಖದ ಕಡೆ ಬಂದ ಎಳೆ ಈಗ ಒಳಗೆ ತಿರುಗಿದರೆ ದೋಷ ಒಲೆಯಲ್ಲೂ ಇಲ್ಲ, ಕೊಳವೆಯಲ್ಲೂ ಇಲ್ಲ, ಬಚ್ಚಲು ಉಸಿರು ಕಟ್ಟಿದೆ. ಹಳೇ ಬಚ್ಚಲುಗಳಲ್ಲಿ ಹಂಚಿನ ಸಂದು, ಮರದ ಬಾಗಿಲಡಿಯ ಬೆರಳಗಲದ ಜಾಗ ಇರುತ್ತಿದ್ದವು. ಅಲ್ಯೂಮಿನಿಯಂ ಜಾರುಕಿಟಕಿ, ಟೈಲ್ಸ್, ಬಿಗಿಯಾದ ಪಿವಿಸಿ ಬಾಗಿಲು ಹಾಕಿ ನವೀಕರಿಸಿದ ಮೇಲೆಯೇ ಹೊಗೆಯ ಕಾಟ ಶುರುವಾಯಿತು ಎಂದರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಒಲೆಬಾಯಿಯ ಹತ್ತಿರ, ನೆಲದಿಂದ ಒಂದು ಗೇಣು ಮೇಲೆ, ಹೊರಗೋಡೆಯಲ್ಲಿ 6 ಇಂಚು ಚೌಕದ ತೂತು ಕೊರೆಸಿ ಇಲಿ ಬಾರದ ಜಾಳಿಗೆ ಹಾಕಿಸಿ. ಸೊಳ್ಳೆಪರದೆಯ ಸಣ್ಣ ಬಲೆ ಬೇಡ, ಮಸಿಗೂ ದೂಳಿಗೂ ಅದು ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ಬಾಗಿಲು ತೆರೆದರೂ ಎಳೆ ಹೊರಗೇ ಬರುತ್ತಿದ್ದರೆ ಒಂದು ಹಾಳೆ ದಿನಪತ್ರಿಕೆ ಸುರುಳಿ ಮಾಡಿ ಉರಿಸಿ, ಕೊಳವೆ ಶುರುವಾಗುವ ಬಾಯಲ್ಲೇ ಹಿಡಿಯಿರಿ. ಒಂದು ನಿಮಿಷದಲ್ಲಿ ಸೆಳೆತ ಹಿಡಿದರೆ ಕೊಳವೆಯೊಳಗೆ ತಂಪು ಗಾಳಿ ಕುಳಿತಿತ್ತು ಎಂದರ್ಥ. ಮನೆಯ ಹೊರಗೋಡೆಗೆ ಒರಗಿಸಿ ಏರಿಸಿದ ಕೊಳವೆಗಳಲ್ಲಿ ಮುಂಜಾನೆ ಇದು ಮಾಮೂಲು. ಅದಕ್ಕೆ ದುರಸ್ತಿ ಬೇಡ. ದಿನಾ ಮೊದಲು ಒಂದು ಹಿಡಿ ಒಣ ಸೋಗೆಯನ್ನು ಕೊಳವೆಯ ಬಾಯಲ್ಲಿ ಉರಿಸಿ, ಆಮೇಲೆ ಕಟ್ಟಿಗೆ ಒಡ್ಡಿ. ಕಾಗದ ಉರಿಸಿದರೂ ಹೊಗೆ ಕದಲದಿದ್ದರೆ ಒಳಗೆ ಏನೋ ಅಡ್ಡ ಬಂದಿದೆ.

ಅಡ್ಡ ಬಂದದ್ದು ಏನು? ಬೆರಳ ಗೆಣ್ಣಿನಿಂದ ಕೊಳವೆಯನ್ನು ಕೆಳಗಿನಿಂದ ಮೇಲೆ ಬಡಿಯುತ್ತ ಹೋಗಿ. ಖಾಲಿ ತಗಡು ಠಣ್ಣೆನ್ನುತ್ತದೆ, ಮಸಿ ತುಂಬಿದ ಕಡೆ ಸದ್ದು ಮಂದ. ಮೊಣಕೈ ತಿರುವಿನ ಹತ್ತಿರವೇ ಮಂದವಾಗುವುದು ಹೆಚ್ಚು. ಬಳಿಕ ಕೊಳವೆಯ ಕೆಳಮುಚ್ಚಳ ತೆಗೆದು ಮೊಬೈಲನ್ನು ಕ್ಯಾಮೆರಾ ಮೇಲ್ಮುಖವಾಗುವಂತೆ ಒಳಗೆ ಹಿಡಿದು ವಿಡಿಯೊ ಮಾಡಿ. ಹಗಲಲ್ಲಿ ಮೇಲಿನ ಟೊಪ್ಪಿಯ ಸುತ್ತ ಬೆಳಕಿನ ಉಂಗುರ ಕಾಣಬೇಕು. ಬೇಸಿಗೆಯಲ್ಲಿ ಒಲೆ ಹಚ್ಚದೆ ಬಿಟ್ಟ ಮನೆಗಳಲ್ಲಿ ಅಳಿಲಿನ ನಾರುಗೂಡು, ಕಣಜದ ಮಣ್ಣುಗೂಡು ಸಿಗುವುದುಂಟು. ಕೆಳಮುಚ್ಚಳವೇ ಇಲ್ಲದೆ ಒಲೆಯಿಂದ ನೇರ ಮೊಣಕೈ ಹಾಕಿದ್ದರೆ ಅದೇ ಮೊದಲ ದುರಸ್ತಿ: ಮೊಣಕೈ ತೆಗೆಸಿ ಟೀ (T) ಆಕಾರದ ಜೋಡಣೆ ಹಾಕಿಸಿ, ಕೆಳಗಿನ ಬಾಯಿಗೆ ತಿರುಗಿಸಿ ತೆಗೆಯುವ ಮುಚ್ಚಳ ಇಡಿಸಿ. ಉದುರಿದ ಇಲ್ಲಣ ಅಲ್ಲಿ ಬಂದು ಬೀಳುತ್ತದೆ, ದಾರಿ ಕಟ್ಟುವುದಿಲ್ಲ.

ಹೊಗೆ ಬರುವ ಹೊತ್ತು ಏನು ಹೇಳುತ್ತದೆ

ಬೆಳಿಗ್ಗೆ ಚೆನ್ನಾಗಿ ಉರಿಯುವ ಒಲೆ ಮಧ್ಯಾಹ್ನದ ಮೇಲೆ ಹೊಗೆ ಕಾರಿದರೆ ಗಾಳಿಯನ್ನು ಸಂಶಯಿಸಿ. ಮಧ್ಯಾಹ್ನ ಕಡಲಗಾಳಿ ಪಡುವಣದಿಂದ ಬೀಸುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆಗಾಳಿಯೂ ಅದೇ ದಿಕ್ಕಿನದು. ನಮ್ಮ ಬಚ್ಚಲುಗಳು ಸಾಮಾನ್ಯವಾಗಿ ದೊಡ್ಡ ಮನೆಗೆ ಒರಗಿಸಿದ ಇಳಿಮಾಡಿನಲ್ಲಿ ಇರುತ್ತವೆ. ಕೊಳವೆ ಇಳಿಮಾಡಿನ ಹಂಚು ದಾಟಿ ಎರಡಡಿ ಮೇಲೆ ನಿಂತರೂ ಪಕ್ಕದ ದೊಡ್ಡ ಮಾಡಿಗಿಂತ ಕೆಳಗೇ ಇರುತ್ತದೆ. ಗಾಳಿ ಆ ಗೋಡೆಗೆ ಬಡಿದು ಕೆಳಗೆ ತಿರುಗುವಾಗ ಕೊಳವೆಯ ಬಾಯಿಗೆ ಒತ್ತುತ್ತದೆ. ಯಾವ ಟೊಪ್ಪಿ ಬದಲಿಸಿದರೂ ಇದು ಪೂರ್ತಿ ಹೋಗದು. ಲೆಕ್ಕ ಹೀಗಿದೆ: ಕೊಳವೆ ಮಾಡು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿನ ಯಾವುದೇ ಮಾಡು, ಗೋಡೆ, ನೀರಿನ ಟ್ಯಾಂಕಿಗಿಂತ 2 ಅಡಿ ಎತ್ತರದಲ್ಲಿರಬೇಕು. ಏಣಿ ಹತ್ತುವ ಮೊದಲು ನೆಲದಲ್ಲಿ ನಿಂತು ಒಂದು ಫೋಟೊ ತೆಗೆದು ನೋಡಿದರೂ ಸಾಕು, ಕೊಳವೆ ಯಾರ ನೆರಳಿನಲ್ಲಿದೆ ಎಂದು ತಿಳಿಯುತ್ತದೆ. ಪಕ್ಕದ ಜಾಗದಲ್ಲಿ ಎರಡು ಮಹಡಿ ಎದ್ದ ವರ್ಷದಿಂದ ಹೊಗೆ ಶುರುವಾಗಿದ್ದರೆ ಉತ್ತರ ಅಲ್ಲೇ ಇದೆ.

ಟೊಪ್ಪಿಯದ್ದೂ ಒಂದು ತಪ್ಪು ಇರುತ್ತದೆ. ಮಳೆ ಬೀಳಬಾರದೆಂದು ಅದನ್ನು ಕೊಳವೆಯ ಬಾಯಿಗೆ ತೀರ ತಗ್ಗಿಸಿ ಬೆಸುಗೆ ಹಾಕುತ್ತಾರೆ. ಬಾಯಿಗೂ ಟೊಪ್ಪಿಗೂ ನಡುವೆ ಕೊಳವೆಯ ಅಗಲದ ಅರ್ಧವಾದರೂ ಜಾಗ ಬೇಕು. 6 ಇಂಚಿನ ಕೊಳವೆಗೆ 3 ಇಂಚಿಗಿಂತ ಕಡಿಮೆ ಇದ್ದರೆ ಎತ್ತರಿಸಿ. ಮಳೆ ಓರೆಯಾಗಿ ಹೊಡೆಯುವ ಊರು ಇದು, ಹಾಗಾಗಿ ಟೊಪ್ಪಿಯನ್ನು ಎತ್ತರಿಸಿದಷ್ಟೂ ಅಗಲವಾಗಿಸಿ.

ದಿನವಿಡೀ, ಎಲ್ಲ ಕಾಲದಲ್ಲೂ ಹೊಗೆ ಬಂದರೆ ಅಳತೆ ತೆಗೆಯಿರಿ. ಒಲೆಬಾಯಿಯ ಅಗಲವನ್ನು ಎತ್ತರದಿಂದ ಗುಣಿಸಿ. ಅದರ ಎಂಟರಲ್ಲೊಂದು ಪಾಲಿನಷ್ಟಾದರೂ ಕೊಳವೆಯ ಒಳವಿಸ್ತಾರ ಇರಬೇಕು. 25 ಸೆಂ.ಮೀ. ಚೌಕದ ಬಾಯಿ ಎಂದರೆ 625 ಚದರ ಸೆಂ.ಮೀ.; 4 ಇಂಚಿನ ಕೊಳವೆಯದ್ದು 81, ಹೇಗೋ ಸಾಕಾಗುತ್ತದೆ. ತೆಂಗಿನ ಇಡೀ ಕೊತ್ತಳಿಗೆ ತುರುಕಲು ಅನುಕೂಲ ಎಂದು ಬಾಯನ್ನು 35ಕ್ಕೆ 30 ಮಾಡಿಸಿಕೊಂಡರೆ ಅದು 1,050 ಆಯಿತು. ಅದೇ 4 ಇಂಚು ಈಗ ಹದಿಮೂರರಲ್ಲೊಂದು ಪಾಲು, ಹೊಗೆ ಚೆಲ್ಲದೆ ಇರದು. ಕೊಳವೆ ಬದಲಿಸುವುದಕ್ಕಿಂತ ಸುಲಭದ ಉಪಾಯ ಒಲೆಬಾಯಿಯ ಮೇಲ್ಭಾಗಕ್ಕೆ 12 ಸೆಂ.ಮೀ. ಅಗಲದ ಕಬ್ಬಿಣದ ಪಟ್ಟಿ ಅಡ್ಡ ಇಟ್ಟು ಬಾಯನ್ನು ಗಿಡ್ಡ ಮಾಡುವುದು. ಮೊದಲು ಇಟ್ಟಿಗೆ ತುಂಡು ಇಟ್ಟು ಪರೀಕ್ಷಿಸಿ, ಹೊಗೆ ನಿಂತರೆ ಪಟ್ಟಿ ಹಾಕಿಸಿ.

ಅಡ್ಡಕ್ಕೆ ಹೋಗುವ ಕೊಳವೆ ಆದಷ್ಟು ಗಿಡ್ಡವಿರಲಿ, ಪ್ರತಿ ಅಡಿಗೆ ಕಾಲಿಂಚು ಮೇಲೇರಲಿ. 90 ಡಿಗ್ರಿಯ ಒಂದು ತಿರುವಿಗಿಂತ 45ರ ಎರಡು ಮೇಲು.

ಮಳೆಗಾಲದಲ್ಲಿ ಮಾತ್ರ ಹೊಗೆ ಎಂದರೆ ಸೌದೆ ನೋಡಿ. ಉರಿಯಲು ಕಟ್ಟಿಗೆಯ ತೇವ ನೂರಕ್ಕೆ 20ರ ಒಳಗಿರಬೇಕು. ಜುಲೈಯ ಗಾಳಿಯ ಆರ್ದ್ರತೆಯಲ್ಲಿ ಕೊಟ್ಟಿಗೆಯೊಳಗೆ ನೆನೆಯದೆ ಇಟ್ಟ ಕಟ್ಟಿಗೆಯೂ ತಾನಾಗಿ 20ರ ಹತ್ತಿರ ಬಂದು ನಿಲ್ಲುತ್ತದೆ, ಅಲ್ಲಿಂದ ಕೆಳಗೆ ಒಣಗುವುದಿಲ್ಲ. ಆದ್ದರಿಂದ ಪತ್ತನಾಜೆಯ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲೇ ಒಣಗಿದ್ದನ್ನು ಒಳಗೆ ಸೇರಿಸಬೇಕು, ಎರಡು ದಿನಕ್ಕೆ ಬೇಕಾದಷ್ಟನ್ನು ಒಲೆಯ ಪಕ್ಕದ ಬಿಸಿಯಲ್ಲಿ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಎಂದರೆ ಒಂದು ಮಾರು ದೂರ, ಒಲೆಯ ಮೇಲಲ್ಲ. ಎರಡು ತುಂಡು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯದ್ದು ದಪ್ ಎನ್ನುತ್ತದೆ.

ಕೊಳವೆಯೊಳಗೆ ಏನು ಕೂರುತ್ತದೆ

ಗೆರಟೆ ಜೋರಾಗಿ ಉರಿದು ಒಣ ಮಸಿ ಬಿಡುತ್ತದೆ, ಗುಡಿಸಿದರೆ ಉದುರುತ್ತದೆ. ತೆಂಗಿನ ಸಿಪ್ಪೆ ಹಾಗಲ್ಲ. ನಿಧಾನವಾಗಿ ಹೊಗೆಯಾಡಿ, ತಣ್ಣಗಿನ ಕೊಳವೆಯಲ್ಲಿ ಕಂದು ಅಂಟುಮಸಿಯಾಗಿ ಹಿಡಿಯುತ್ತದೆ. ಸಿಪ್ಪೆಯಲ್ಲಿ ಉಪ್ಪಿನ ಅಂಶವೂ ಹೆಚ್ಚು, ಬೂದಿ ಮತ್ತು ಮಸಿಯೊಂದಿಗೆ ಅದು ತಗಡಿಗೆ ಹತ್ತಿ ತೇವ ಎಳೆದುಕೊಂಡು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಕಡಲ ಗಾಳಿ ತಿನ್ನುವುದು ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಗೇರುಬೀಜದ ಸಿಪ್ಪೆ. ಕಾರ್ಖಾನೆಗಳಿಂದ ಅಗ್ಗಕ್ಕೆ ಸಿಗುತ್ತದೆಂದು ಕೆಲವರು ಬಚ್ಚಲಿಗೆ ಹಾಕುತ್ತಾರೆ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕಣ್ಣು ಗಂಟಲಿಗೆ ಉರಿ, ಕೊಳವೆಯಲ್ಲಿ ಡಾಂಬರಿನಂತೆ ಹಿಡಿಯುತ್ತದೆ. ಮನೆಯ ಒಲೆಗೆ ಅದು ಬೇಡವೇ ಬೇಡ.

ಅಂಟುಮಸಿ ದಪ್ಪವಾದರೆ ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಕೊಳವೆ ಗುಡುಗುಟ್ಟುವ ಸದ್ದು, ಮೇಲಿನಿಂದ ಕಿಡಿ, ತಗಡು ಕೆಂಪಾಗುವುದು ಅದರ ಗುರುತು. ಒಲೆಬಾಯಿಗೆ ತಗಡು ಅಡ್ಡ ಇಟ್ಟು ಗಾಳಿ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಕಾದ ಕೊಳವೆಯೊಳಗೆ ನೀರು ಸುರಿಯಬಾರದು: ಆವಿ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಒಡೆಯುತ್ತದೆ.

ಗುಡಿಸಲು ಕೊಳವೆಗಿಂತ ಅರ್ಧ ಇಂಚು ದಪ್ಪದ ನೈಲಾನ್ ಬ್ರಷ್, ಅದರ ಕೆಳಗೆ ಒಂದೂವರೆ ಕಿಲೋ ಭಾರ, ಹಗ್ಗ. ಒಲೆಬಾಯಿಗೆ ಒದ್ದೆ ಗೋಣಿ ಮುಚ್ಚಿ ಮೇಲಿನಿಂದ ಇಳಿಬಿಟ್ಟು ಹತ್ತು ಹದಿನೈದು ಸಲ ಎಳೆದಾಡಿ. ಸ್ಟೀಲ್ ಕೊಳವೆಗೆ ಕಬ್ಬಿಣದ ತಂತಿ ಬ್ರಷ್ ಹಾಕಬೇಡಿ, ಅದರ ಕಣ ಅಂಟಿಕೊಂಡು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಹಳೇ ಎಸಿ ಪೈಪ್, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನದ್ದು ಇದ್ದರೆ ತಂತಿ ಬ್ರಷ್, ಗರಗಸ, ಡ್ರಿಲ್ ಯಾವುದೂ ಸೋಕಬಾರದು. ಅದರ ನಾರು ಶ್ವಾಸಕೋಶಕ್ಕೆ ಅಪಾಯ, ಜೊತೆಗೆ ಹಠಾತ್ ಬಿಸಿಗೆ ಅದು ಸೀಳುತ್ತದೆ. ಬಿರುಕು ಕಂಡರೆ ತೇಪೆ ಹಾಕುವ ಆಲೋಚನೆ ಬಿಟ್ಟು, ನೀರು ಸಿಂಪಡಿಸಿ, ಒಡೆಯದೆ ಇಡಿಯಾಗಿ ಇಳಿಸಿ ಬದಲಿಸಿ.

ಕಂದು ನೀರು, ತುಕ್ಕು, ಮಾಡಿನ ಸೋರಿಕೆ

ಕೊಳವೆಯ ಜೋಡಣೆಯಿಂದ ಕಂದು ಬಣ್ಣದ, ಸುಟ್ಟ ವಾಸನೆಯ ನೀರು ಇಳಿದು ಸುಣ್ಣದ ಗೋಡೆ ಕಲೆಯಾಗಿದ್ದರೆ ಮಳೆಯನ್ನು ದೂರುವ ಮೊದಲು ಜೋಡಣೆಯ ದಿಕ್ಕು ನೋಡಿ. ಹೊಗೆ ಮೇಲೆ ಹೋಗುವುದಲ್ಲವೇ ಎಂದು ಕೆಳಗಿನ ತುಂಡನ್ನು ಮೇಲಿನದರೊಳಗೆ ತೂರಿಸುತ್ತಾರೆ. ತಪ್ಪು ಅಲ್ಲೇ. ಹೊಗೆ ಹೇಗೂ ಮೇಲೆ ಹೋಗುತ್ತದೆ, ಆದರೆ ಒಳಗೆ ಹನಿಗಟ್ಟಿದ ನೀರು ಕೆಳಗೆ ಇಳಿಯುತ್ತದೆ. ಮಳೆನೀರಿನ ಪೈಪ್ ಜೋಡಿಸುವಂತೆ ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು. ನೀರು ಬರುವುದು ಮಳೆ ಬಂದಾಗ ಮಾತ್ರ, ಬಣ್ಣವೂ ಇಲ್ಲ ಎಂದಾದರೆ ಸೋರಿಕೆ ಹಂಚಿನ ಸುತ್ತ. ಅಲ್ಲಿನ ತಗಡಿನ ಮೇಲಂಚು ಮೇಲಿನ ಹಂಚಿನ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಹಂಚಿನ ಮೇಲೆ ಬರಬೇಕು. ಸಿಮೆಂಟ್ ಮೆತ್ತಿ ಮುಚ್ಚಿದ್ದು ಒಂದು ಮಳೆಗಾಲಕ್ಕಷ್ಟೇ. ಕೊಳವೆ ಬಿಸಿಗೆ ಹಿಗ್ಗಿ ಕುಗ್ಗಿ ಅದನ್ನು ಬಿಡಿಸಿಬಿಡುತ್ತದೆ.

ಹಂಚು ತೆಗೆದಿರುವಾಗ ಅದರಡಿಯ ಮರಗಳಾದ ಪಕ್ಕಾಸು, ರೀಪುಗಳನ್ನು ಟಾರ್ಚ್ ಹಾಕಿ ನೋಡಿ. ಕೊಳವೆಯ ಕಡೆಯ ಮೈ ಕಪ್ಪಾಗಿದ್ದು, ಉಗುರಿಗೆ ಇದ್ದಿಲಿನಂತೆ ಉದುರಿದರೆ ಒಲೆ ಹಚ್ಚುವುದನ್ನು ಅಂದೇ ನಿಲ್ಲಿಸಿ. ವರ್ಷಗಟ್ಟಲೆ ಕಾದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಒಂಟಿ ತಗಡಿನ ಕೊಳವೆಗೂ ಮರಕ್ಕೂ 18 ಇಂಚು ಅಂತರ ಬೇಕು. ಅಷ್ಟಿಲ್ಲದಿದ್ದರೆ ಪಕ್ಕಾಸನ್ನು ಕತ್ತರಿಸಿ ಅಡ್ಡಪಟ್ಟಿ ಕೊಟ್ಟು ಜಾಗ ಬಿಡಿಸಬೇಕು, ಅಥವಾ ಆ ಭಾಗಕ್ಕೆ ನಡುವೆ ಶಾಖನಿರೋಧಕ ತುಂಬಿದ ಜೋಡಿ ಕೊಳವೆ ಹಾಕಿಸಬೇಕು.

ಪಿವಿಸಿ ಕೊಳವೆಯ ಬಗ್ಗೆ ಒಂದೇ ಮಾತು: 80 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ, ಕಿತ್ತುಹಾಕಿ.

ಹೊಗೆ ಇಲ್ಲ, ಆದರೂ ತಲೆ ಸುತ್ತು

ಸ್ನಾನ ಮಾಡುವಾಗ ತಲೆ ಭಾರ, ವಾಕರಿಕೆ, ಹೊರಗೆ ಬಂದ ಕೂಡಲೇ ಸಮಾಧಾನ. ಇದನ್ನು ಪಿತ್ತ ಎಂದು ಬಿಡಬೇಡಿ. ಉರಿ ಮುಗಿದು ಗೆರಟೆಯ ಕೆಂಡ ನಿಗಿನಿಗಿ ಇರುವಾಗ ಹೊಗೆ ಇರುವುದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಧಾರಾಳ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗುವ ಹೊತ್ತಿಗೆ ಕಾಲು ಏಳುವುದಿಲ್ಲ. ಬಿಸಿ ಉಳಿಯಲಿ ಎಂದು ಕೊಳವೆಯ ಡ್ಯಾಂಪರ್ (ಸೆಳೆತ ಹೆಚ್ಚು ಕಡಿಮೆ ಮಾಡುವ ಅಡ್ಡತಗಡು) ಪೂರ್ತಿ ಮುಚ್ಚುವ ಅಭ್ಯಾಸವೇ ಇದಕ್ಕೆ ಮುಖ್ಯ ದಾರಿ. ಡ್ಯಾಂಪರ್ ತಗಡಿನ ಕಾಲುಭಾಗವನ್ನು ಕತ್ತರಿಸಿಬಿಡಿ, ಆಗ ಯಾರು ಮರೆತು ಮುಚ್ಚಿದರೂ ದಾರಿ ಉಳಿಯುತ್ತದೆ. ಒಲೆಬಾಯಿ ಬಚ್ಚಲೊಳಗೇ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ಯುರೋಪಿನ ಇಎನ್ 50291 ಗುರುತಿನದ್ದು 300 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಮೂರು ನಿಮಿಷದೊಳಗೆ ಕೂಗುತ್ತದೆ. ನೀರಿನ ಹನಿ, ಹಬೆ ತಾಗದ ಕಡೆ, ಬಾಗಿಲ ಹೊರಗಿನ ಗೋಡೆಗೆ ಒಂದು, ಪಕ್ಕದ ಮಲಗುವ ಕೋಣೆಗೆ ಒಂದು. ಒಲೆಬಾಯಿಯನ್ನೇ ಹೊರಗೋಡೆಗೆ ತಿರುಗಿಸಿ ಕಟ್ಟುತ್ತಿದ್ದ ಹಳಬರ ಪದ್ಧತಿ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು.

ಮುಚ್ಚಿದ ಬಾಯ್ಲರ್‌ನ ಗಾಳಿಕೊಳವೆಗೆ ಎಂದೂ ಬೆಣೆ ಹಾಕಬೇಡಿ, ನೀರು ತುಂಬದೆ ಉರಿ ಹಾಕಬೇಡಿ.

ಹೊಗೆ ಇಲ್ಲ, ನೀರೂ ಬಿಸಿಯಾಗುವುದಿಲ್ಲ

ಇದು ತಿರುವುಮುರುವಿನ ದೋಷ: ಸೆಳೆತ ಹೆಚ್ಚಾಗಿ ಉರಿಯೆಲ್ಲ ಕೊಳವೆಗೆ ಓಡುತ್ತದೆ. ಕಟ್ಟಿಗೆ ತೂಗಿ ನೋಡಿ. 60 ಲೀಟರ್ ನೀರನ್ನು 27ರಿಂದ 60 ಡಿಗ್ರಿಗೆ ಏರಿಸಲು ಸಾಧಾರಣ ಒಲೆಗೆ ಸುಮಾರು 3 ಕಿಲೋ ಒಣ ಕಟ್ಟಿಗೆ ಸಾಕು. 6 ಕಿಲೋ ಬೇಕಾಗುತ್ತಿದ್ದರೆ ಡ್ಯಾಂಪರ್ ಅರ್ಧಕ್ಕೆ ಇಳಿಸಿ, ಹಂಡೆಯ ತಳದ ಮಸಿ ಕೆರೆಯಿರಿ, ಹಂಡೆಗೂ ಒಲೆಗೋಡೆಗೂ ನಡುವಿನ ಸಂದು ನೋಡಿ. ಎರಡು ಬೆರಳು ಹೋಗುವಷ್ಟಿದ್ದರೆ ಉರಿ ಹಂಡೆಯನ್ನು ಸವರಿಕೊಂಡು ಹೋಗುತ್ತದೆ. ಇಡೀ ಅಂಗೈ ಹೋದರೆ ಮುಟ್ಟದೆಯೇ ಹೋಗುತ್ತದೆ.

ಯಾರನ್ನು ಕರೆಸುವುದು

ಹೊಗೆಕೊಳವೆಯದ್ದೇ ಕಸುಬು ಮಾಡುವವರು ಇಲ್ಲಿ ಸಿಗುವುದಿಲ್ಲ. ಕೆಲಸ ಮೂವರಲ್ಲಿ ಹಂಚಿಹೋಗಿದೆ: ಒಲೆ ಕಟ್ಟುವ ಮೇಸ್ತ್ರಿ, ತಗಡು ಬಗ್ಗಿಸಿ ಬೆಸೆಯುವ ವೆಲ್ಡಿಂಗ್ ಅಂಗಡಿ, ಹಂಚಿನ ಕೆಲಸದವರು. ಒಬ್ಬರ ತಪ್ಪನ್ನು ಇನ್ನೊಬ್ಬರು ಮತ್ತೊಬ್ಬರ ಮೇಲೆ ಹಾಕುವುದೂ ಅದಕ್ಕೇ. ಮೂವರನ್ನೂ ಒಂದೇ ದಿನ ಒಂದೇ ಹೊತ್ತಿಗೆ ಕರೆಸಿ, ಊದುಬತ್ತಿಯ ಪರೀಕ್ಷೆಯನ್ನು ಅವರ ಎದುರೇ ಮಾಡಿ. ನೋಡದೆ ಫೋನಿನಲ್ಲೇ ದರ ಹೇಳುವವರನ್ನು ಬಿಟ್ಟುಬಿಡಿ.

ಮೇಸ್ತ್ರಿಯನ್ನು ಕೇಳಬೇಕಾದ್ದು: ಉರಿ ತಾಗುವ ಜಾಗಕ್ಕೆ ಏನು ಹಾಕುತ್ತೀರಿ? ಸಿಮೆಂಟ್ ಗಾರೆ ಎಂದರೆ ಬೇಡ, ಅದು ಬಿರಿಯುತ್ತದೆ. 230, 115, 75 ಮಿ.ಮೀ. ಅಳತೆಯ ಬೆಂಕಿ ಇಟ್ಟಿಗೆ, ಅದಕ್ಕೆ ಫೈರ್‌ಕ್ಲೇ ಗಾರೆ, ಸಂದು 3 ಮಿ.ಮೀ. ಮೀರದಂತೆ. ಕೆಂಪುಕಲ್ಲು ಹೊರಗೋಡೆಗೆ ಸಾಕು.

ವೆಲ್ಡಿಂಗ್ ಅಂಗಡಿಯಲ್ಲಿ "ಎಸ್‌ಎಸ್ ಹಾಕ್ತೇವೆ" (ಸ್ಟೇನ್‌ಲೆಸ್ ಸ್ಟೀಲ್) ಎಂಬ ಮಾತು ಸಾಲದು. ಮ್ಯಾಗ್ನೆಟ್ ಅಂಟಲಿಲ್ಲ ಎಂದು ತೋರಿಸುತ್ತಾರೆ, ಆದರೆ ಅಗ್ಗದ 202 ದರ್ಜೆಯದಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಕಡಲ ಗಾಳಿಗೆ 202 ಬೇಗ ಕಲೆಗಟ್ಟುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಮಲ್ಪೆ, ಪಣಂಬೂರಿನಂತೆ ಕಡಲಿಗೆ ಹತ್ತಿರವಿದ್ದರೆ ಮಾಡಿನ ಹೊರಗಿನ ತುಂಡಿಗಾದರೂ 316 ಕೇಳಿ, ಅದರಲ್ಲಿ ನೂರಕ್ಕೆ 2ರಿಂದ 3 ಭಾಗ ಮಾಲಿಬ್ಡಿನಂ ಇದ್ದು ಉಪ್ಪನ್ನು ತಡೆಯುತ್ತದೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಾದರೆ ಒಲೆಗೆ ತಾಗುವ ಮೊದಲ ಮೀಟರಿಗೆ ಬೇಡ. ಸತು 420 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಪದರ ಸುಲಿಯುತ್ತದೆ. ಅಲ್ಲಿ 2 ಮಿ.ಮೀ. ಕಪ್ಪು ಕಬ್ಬಿಣದ ಕೊಳವೆ ಹಾಕಿಸಿ. ಬೆಸುಗೆ ಚುಕ್ಕೆ ಚುಕ್ಕೆ ಅಲ್ಲ, ಉದ್ದಕ್ಕೂ ಎಂದು ಮೊದಲೇ ಹೇಳಿ.

ಶುಚಿ ಮಾಡಿಸುವುದು ವರ್ಷಕ್ಕೆ ಎರಡು ಸಲ. ಒಂದು ಪತ್ತನಾಜೆಗೆ ಮೊದಲು ಮೇ ನಡುವಿನಲ್ಲಿ, ಮಾಡಿನ ಕೆಲಸದ ಜೊತೆಗೇ. ಇನ್ನೊಂದು ದೀಪಾವಳಿಯ ನೀರು ತುಂಬುವ ದಿನಕ್ಕಿಂತ ಎರಡು ವಾರ ಮುಂಚೆ. ಹಂಡೆ ತೊಳೆದು ಜೇಡಿಮಣ್ಣಿನ ಗೆರೆ ಎಳೆಯುವವರು ಅದೇ ಗಳಿಗೆಗೆ ಕೊಳವೆಯನ್ನೂ ಬಡಿದು ನೋಡಬಹುದು. ಹಬ್ಬದ ವಾರ ಯಾವ ಮೇಸ್ತ್ರಿಯೂ ಫೋನ್ ಎತ್ತುವುದಿಲ್ಲ.

ಬೂದಿಯನ್ನು ಮುಚ್ಚಳವಿರುವ ತಗಡಿನ ಬಾಲ್ದಿಯಲ್ಲಿ ಎರಡು ದಿನ ಇಟ್ಟು, ತಣಿದ ಮೇಲೆ ತೆಂಗಿನ ಬುಡಕ್ಕೆ ಹಾಕಿ.

ಕೆಲಸ ಮುಗಿದ ದಿನ ಪೂರ್ತಿ ಹಣ ಕೊಡಬೇಡಿ. ಹಸಿ ಗಾರೆಗೆ ಒಂದು ವಾರ ಬಿಡಿ, ಮೂರು ದಿನ ಸಣ್ಣ ಉರಿ ಹಾಕಿ ಒಣಗಿಸಿ. ಆಮೇಲೆ ಅವರನ್ನು ಕರೆಸಿ ಒಂದು ಪರೀಕ್ಷೆ: ಬಚ್ಚಲ ಬಾಗಿಲುಗಳೆಲ್ಲ ತೆರೆದಿರಲಿ, ಒಲೆಯಲ್ಲಿ ನಾಲ್ಕು ಕೆಂಡದ ಮೇಲೆ ಒಂದು ಹಿಡಿ ಹಸಿ ಎಲೆ ಹಾಕಿ, ಮೇಲೆ ಒಬ್ಬರು ಕೊಳವೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಲಿ. ಎರಡು ನಿಮಿಷದಲ್ಲಿ ಯಾವ ಬೆಸುಗೆ, ಯಾವ ಸಂದಿನಿಂದ ಹೊಗೆ ಇಣುಕುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಗೋಣಿ ತೆಗೆಸಿ, ಬಾಗಿಲು ಹಾಕಿ, ಫ್ಯಾನ್ ಓಡಿಸಿ, ಮಾಮೂಲಿನಂತೆ ಉರಿ ಹಾಕಿ ಇಪ್ಪತ್ತು ನಿಮಿಷ ನೋಡಿ. ಗುರುತು ಹಾಕಿದ ಕಡೆಗಳನ್ನು ಅವರು ಬೆಸೆದು ಕೊಟ್ಟ ಮೇಲೆ ಉಳಿದ ಹಣ.